ಕಂಠಪಾಠ

ಮಗಳು ತಾಯಿಯ ಕೈ ಹಿಡಿದು ಕೋರ್ಟಿನ ಮೂರನೇ ಮಹಡಿಗೆ ಹತ್ತಿ ಬಂದಾಗ ದರ್ಜಿಯ ಕಣ್ಣು ನೆಟ್ಟಗೆ ಹೋದದ್ದು ಫ್ರಾಕಿನ ಕಂಕುಳಿಗೆ. ಬಲಗಡೆ ಬಟ್ಟೆ ಬಿಗಿದು ಮೂರು ನೆರಿಗೆ ಬಿದ್ದಿದ್ದವು. ಎಡಗಡೆಯೂ ಅದೇ ಕತೆ. ಹುಡುಗಿ ತೋಳುಗಳನ್ನು ಮೈಗೆ ತಾಗಿಸದೆ, ಒದ್ದೆ ಬಟ್ಟೆ ತೊಟ್ಟವರ ಹಾಗೆ ನಡೆದು ಬರುತ್ತಿದ್ದಳು. ಬೇರೆ ಯಾರ ಮಗುವಾದರೂ ಹೀಗೆ ಅಂಗಡಿಗೆ ಬಂದಿದ್ದರೆ, 'ಯಾರಮ್ಮ ಇದನ್ನ ಹೊಲಿದ ಪುಣ್ಯಾತ್ಮ?' ಎಂದು ಕೇಳಿ, ತಾಯಂದಿರನ್ನು ನಗಿಸಿ, ಟೇಪು ತೆಗೆಯುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಬಟ್ಟೆಯನ್ನೇ ಹೊಲಿದು ಹೆಸರು ಮಾಡಿದವನು. ಈಗ ಆ ಪುಣ್ಯಾತ್ಮ ತಾನೇ ಆಗಿ ಗೋಡೆಗೊರಗಿ ನಿಂತಿದ್ದ. ತಿಳಿನೀಲಿ ಬಟ್ಟೆ, ಬಿಳಿ ಕಾಲರು, ಬೆನ್ನಿಗೆ ಆರು ಪುಟ್ಟ ಗುಂಡಿ. ಹೋದ ಭಾನುವಾರ ಕಾಗದದಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು, 'ಕೋರ್ಟಿಗೆ ಬರೋ ದಿನ ಇದನ್ನೇ ಹಾಕ್ಕೊಂಡು ಬಾ' ಎಂದಿದ್ದ. ಈಗಲೇ ಹಾಕಿ ನೋಡೋಣ ಎಂದು ಅವಳು ಕುಣಿದರೆ, 'ನಿನ್ನ ಅಳತೆ ನಂಗೆ ಗೊತ್ತಿಲ್ವೇನೇ?' ಎಂದು ಗದರಿದ್ದ. ಅಪ್ಪನ ಕೈ ಅಳತೆ ತಪ್ಪುವುದುಂಟೇ! ಆ ಜಂಬಕ್ಕೆ ಈಗ ಕೋರ್ಟಿನ ಮಧ್ಯೆ ಎರಡೂ ಕಡೆ ಮೂರು ಮೂರು ನೆರಿಗೆ.

ಅವತ್ತು ನ್ಯಾಯಾಧೀಶೆ ಹುಡುಗಿಯೊಬ್ಬಳನ್ನೇ ತಮ್ಮ ಕೋಣೆಗೆ ಕರೆದು ಮಾತಾಡಿಸುವವರಿದ್ದರು. ಆಮೇಲೆ ಅವಳು ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದನ್ನು ಬರೆದುಬಿಡುತ್ತಾರೆ ಎಂದು ವಕೀಲರು ಹೇಳಿದ್ದರು. ಹದಿನಾಲ್ಕು ತಿಂಗಳಿಂದ ಅವಳು ತಾಯಿಯ ಹತ್ತಿರ ಇದ್ದಳು. ಎರಡು ವಾರಕ್ಕೊಂದು ಭಾನುವಾರ ಅವನಿಗೆ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ. ಅಷ್ಟು ಸಾಲದು, ಮಗಳು ತನ್ನ ಹತ್ತಿರವೇ ಇರಬೇಕು ಎಂದು ಅರ್ಜಿ ಹಾಕಿದವನು ಅವನು. ಆ ಅರ್ಜಿಯನ್ನು ವಕೀಲರ ಕಚೇರಿಯಲ್ಲಿ ಓದಿ ಹೇಳಿದಾಗ ಅದು ಯಾರೋ ಬೇರೆಯವರ ಮನೆಯ ವಿಷಯದ ಹಾಗೆ ಕೇಳಿಸಿತ್ತು. ಅವನು ಅರ್ಜಿದಾರ, ಹನ್ನೊಂದು ವರ್ಷ ಅವನನ್ನು 'ರೀ' ಎಂದು ಕರೆದವಳು ಎದುರುದಾರಳು, ಮಗಳು ಚೋಟಿ ಅಪ್ರಾಪ್ತ ವಯಸ್ಸಿನ ಹೆಣ್ಣುಮಗು. ಚೋಟಿ ಎಂಬುದು ಅವನೇ ಇಟ್ಟ ಹೆಸರು. ಹುಟ್ಟಿದಾಗ ನರ್ಸಮ್ಮ ತಂದು ಕೈಗಿಟ್ಟರೆ, 'ಇದೇನು ಚೋಟುದ್ದ ಇದೆ' ಎಂದು ನಕ್ಕಿದ್ದ. ಹೆರಿಗೆಯ ನೋವಿನಲ್ಲಿ ಮಲಗಿದ್ದವಳು ಅಲ್ಲಿಂದಲೇ, 'ಟೇಪ್ ತಂದಿದೀರಾ ಹೆಂಗೆ?' ಎಂದು ಕೇಳಿದ್ದಳು. ನಿಜ ಹೇಳಬೇಕೆಂದರೆ ಟೇಪು ಕುತ್ತಿಗೆಯಲ್ಲೇ ಇತ್ತು. ಈಗಲೂ ಇತ್ತು. ಗೇಟಿನಲ್ಲಿ ಕಾವಲಿನವನು ಅದನ್ನು ಎರಡು ಸಲ ಎಳೆದು ನೋಡಿ, ಇದರಿಂದ ಯಾರ ಕುತ್ತಿಗೆಗೂ ಅಪಾಯವಿಲ್ಲವೆಂದು ಖಾತ್ರಿಯಾದ ಮೇಲೆ ವಾಪಸು ಕೊಟ್ಟಿದ್ದ. ಜೇಬಿನಲ್ಲಿದ್ದ, ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ಮಾತ್ರ ಕೊಡಲಿಲ್ಲ. 'ಮರೆತು ಬಂತಣ್ಣ' ಎಂದರೆ, 'ಇಲ್ಲಿಗೆ ಬರೋ ಗಂಡ ಹೆಂಡ್ತಿ ಎಲ್ರೂ ಮರೆತೇ ತರ್ತಾರೆ' ಎಂದು ಡಬ್ಬಿಗೆ ಹಾಕಿಕೊಂಡ. ಹಿಂದೆ ನಿಂತಿದ್ದವರು ನಕ್ಕರು. ದರ್ಜಿಯೂ ನಕ್ಕ, ನಗದಿದ್ದರೆ ಕೊಲೆಗಾರನ ಹಾಗೆ ಕಂಡೇನೆಂದು.

ಹೀಗೆ ಸಣ್ಣ ಸಣ್ಣದಕ್ಕೆ ಮುಖ ಕೆಂಪಗಾಗುವುದು ಈ ಹದಿನಾಲ್ಕು ತಿಂಗಳಲ್ಲಿ ಅವನಿಗೆ ರೂಢಿಯಾಗಿತ್ತು. ಕೋರ್ಟು ಕಳಿಸಿದ ಕೌನ್ಸೆಲರ್ ಮೇಡಂ ಮನೆ ನೋಡಲು ಬಂದ ದಿನವನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಮುಂದೆ ಅಂಗಡಿ, ಪರದೆಯ ಹಿಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಗೆ ಅಷ್ಟು ಜಾಗ. ಹಿಂದಿನ ದಿನವೇ ಗುಡಿಸಿ ಒರೆಸಿ, ಮಗಳ ಮಂಚಕ್ಕೆ ಹೊಸ ಹೊದಿಕೆ ಹೊಲಿದು, ಪಕ್ಕದ ಸ್ಟೇಷನರಿಯವನಿಂದ ಒಂದು ಗ್ಲೋಬನ್ನೂ ಕೇಳಿ ತಂದು ಇಟ್ಟಿದ್ದ. ಆದರೆ ಆಕೆ ಬಂದ ಹೊತ್ತಿಗೆ ಯಾರದೋ ಹುಡುಗನ ಕೋಟಿನ ಟ್ರಯಲ್ ನಡೆಯುತ್ತಿತ್ತು. ಮಗು ಎಷ್ಟು ಹೊತ್ತಿಗೆ ಏಳುತ್ತದೆ, ಜ್ವರ ಬಂದರೆ ಯಾರು ನೋಡಿಕೊಳ್ಳುತ್ತಾರೆ, ಸಿಟ್ಟು ಬಂದಾಗ ನೀವೇನು ಮಾಡುತ್ತೀರಿ ಎಂದು ಆಕೆ ಒಂದೊಂದಾಗಿ ಕೇಳಿದಳು. ಇವನು ಒಂದೊಂದಕ್ಕೂ ವಿನಯದಿಂದ ಉತ್ತರ ಕೊಟ್ಟ. ಆಕೆ ಹೋದ ಮೇಲೆ ಗೊತ್ತಾಯಿತು, ಅಷ್ಟೂ ಹೊತ್ತು ತುಟಿಯ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದ್ದ. ವರದಿಯಲ್ಲಿ ಅದು ಬಂದಿತ್ತು. 'ಅರ್ಜಿದಾರರು ಮಗುವಿನ ಬಗ್ಗೆ ಪ್ರೀತಿ ಉಳ್ಳವರಾಗಿದ್ದು, ಬಾಯಲ್ಲಿ ಸೂಜಿ ಇಟ್ಟುಕೊಳ್ಳುವ ಅಭ್ಯಾಸ ಉಳ್ಳವರೂ ಆಗಿರುತ್ತಾರೆ.' ವಕೀಲರು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, 'ಪರವಾಗಿಲ್ಲ, ಅವರ ಕಡೆಗೂ ಒಂದು ಇದೆ' ಎಂದರು. ಹೆಂಡತಿ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವ ಕೆಲಸದವಳು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವವರಿಗಾಗಿ ಲ್ಯಾಬು ಆರಕ್ಕೇ ತೆರೆಯುತ್ತದೆ. ಆರರಿಂದ ಎಂಟರವರೆಗೆ, ಶಾಲೆಗೆ ಹೊರಡುವ ತನಕ, ಮಗು ಪಕ್ಕದ ಮನೆಯ ಅಜ್ಜಿಯ ಹತ್ತಿರ. 'ಈ ಎರಡು ಗಂಟೆನೇ ನಮ್ಮ ಕೇಸು' ಎಂದು ವಕೀಲರು ಆ ಸಾಲಿನ ಕೆಳಗೆ ಗೆರೆ ಎಳೆದಿದ್ದರು.

ಪುಸ್ತಕವನ್ನೂ ಅವರೇ ಬರೆಯಲು ಹೇಳಿದ್ದು. ಮಗು ಬಂದಾಗಲೆಲ್ಲ ಏನಾದರೂ ಹೆಚ್ಚುಕಡಿಮೆ ಕಂಡರೆ ತಾರೀಖು ಹಾಕಿ ಬರೆದಿಡಿ, ಮುಂದೆ ಬೇಕಾಗುತ್ತದೆ. ದರ್ಜಿಯ ಹತ್ತಿರ ಇದ್ದ ಪುಸ್ತಕ ಒಂದೇ, ಗಿರಾಕಿಗಳ ಅಳತೆ ಬರೆಯುವುದು. ಅದರ ಹಿಂದಿನ ಹಾಳೆಗಳಿಂದ ಶುರು ಮಾಡಿದ. ಕೆಮ್ಮು, ಎರಡು ಸಲ. ಮೊಣಕಾಲಿಗೆ ಗಾಯ, ಕೇಳಿದರೆ ಬಿದ್ದೆ ಎಂದಳು. ಉಗುರು ಕತ್ತರಿಸಿಲ್ಲ. ಹೊಟ್ಟೆ ನೋವು, ಹೊರಗಿನ ತಿಂಡಿ ಕೊಟ್ಟಿರಬಹುದು. ಮಗಳೆದುರೇ ಬರೆಯುತ್ತಿದ್ದ, ಕಿವಿಯ ಹಿಂದಿನ ಪೆನ್ಸಿಲು ತೆಗೆದು, ತೋಳಿನುದ್ದ ಬರೆದಷ್ಟೇ ಸಲೀಸಾಗಿ. ಅವಳು ಪೆನ್ಸಿಲಿನ ತುದಿಯನ್ನೇ ನೋಡುತ್ತಿದ್ದಳು. ಅದೇ ಪುಸ್ತಕದ ಮುಂದಿನ ಹಾಳೆಯೊಂದರಲ್ಲಿ ಚೋಟಿಯ ಎದೆ, ಸೊಂಟ, ತೋಳು, ಉದ್ದ ಎಲ್ಲ ಇತ್ತು. ಫ್ರಾಕು ಕತ್ತರಿಸಿದ್ದು ಅದನ್ನು ನೋಡಿಯೇ. ಅದರ ಮೇಲಿದ್ದ ತಾರೀಖು ಹಳೆಯದು ಎಂಬುದು ಹೊಳೆಯಲೇ ಇಲ್ಲ. ಹಾಳೆಯ ಮೇಲೆ ಮಕ್ಕಳು ಬೆಳೆಯುವುದಿಲ್ಲವಲ್ಲ.

ಇಷ್ಟಾದರೂ ಬಿಡಬಹುದಿತ್ತು. ಹೋದ ಭಾನುವಾರ ಮಾಡಿದ ಕೆಲಸ ಮಾತ್ರ ಬೆಳಿಗ್ಗೆಯಿಂದ ಕಾಡುತ್ತಿತ್ತು. ಮಕ್ಕಳಿಗೆ ಹೇಳಿಕೊಡಬಾರದು ಎಂದು ವಕೀಲರು ಎಚ್ಚರಿಸಿದ್ದರು. ಎಚ್ಚರಿಸಿ, ಒಂದು ಕಣ್ಣು ಕಿರಿದು ಮಾಡಿ, 'ಮಗೂಗೆ ಏನ್ ಹೇಳ್ಬೇಕು ಅಂತ ಗೊತ್ತಿದ್ರೆ ತಪ್ಪೇನಿಲ್ಲ' ಎಂದೂ ಸೇರಿಸಿದ್ದರು. ಪಾರ್ಕಿನ ಜೋಕಾಲಿಯ ಹತ್ತಿರ ಅವಳನ್ನು ನಿಲ್ಲಿಸಿಕೊಂಡು ಮೂರು ವಾಕ್ಯ ಹೇಳಿಕೊಟ್ಟ. ನಂಗೆ ಅಪ್ಪನ ಜೊತೆ ಇರಕ್ಕೆ ಇಷ್ಟ. ಅಪ್ಪ ಇಡೀ ದಿನ ಮನೇಲೇ ಇರ್ತಾರೆ. ಮನೇಲಿ ಗಾಳಿ ಬೆಳಕು ಚೆನ್ನಾಗಿದೆ. ಮೂರನೆಯದಕ್ಕೆ ಅವಳು ತಕರಾರು ತೆಗೆದಳು. 'ಹಿಂದಿನ ರೂಮಿಗೆ ಕಿಟಕಿನೇ ಇಲ್ವಲ್ಲಪ್ಪ?' 'ಅಂಗಡಿ ಬಾಗಿಲಿಂದ ಬರುತ್ತೆ ಕಣೇ.' 'ಬೆಳಕೂ?' 'ಬೆಳಕೂ.' ಸರಿ ಎಂದು ಒಪ್ಪಿಕೊಂಡು, ಕೈ ಹಿಂದೆ ಕಟ್ಟಿ, ಕಣ್ಣು ಮುಚ್ಚಿ, ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಎಷ್ಟು ಚುರುಕು ನನ್ನ ಮಗಳು ಎಂದು ಅವನಿಗೆ ಹೆಮ್ಮೆಯಾಯಿತು. ಇಂಥ ಪಾಠ ಅಭ್ಯಾಸವಿದ್ದವಳ ಹಾಗೆ ಇದ್ದಾಳಲ್ಲ ಎಂದೂ ಒಮ್ಮೆ ಅನ್ನಿಸಿತು. ಆದರೆ ಅಷ್ಟರಲ್ಲಿ ಐಸ್‌ಕ್ರೀಮಿನ ಗಾಡಿ ಬಂತು.

'ಬೆಳಿಗ್ಗೆಯಿಂದ ಕೈ ಎತ್ತಕ್ಕಾಗ್ತಿಲ್ಲ ಇವಳಿಗೆ' ಎಂದು ಹೆಂಡತಿ ಹತ್ತಿರ ಬಂದವಳೇ ಹೇಳಿದಳು. ನಮಸ್ಕಾರವಿಲ್ಲ, ಮುನ್ನುಡಿಯಿಲ್ಲ. ಅವಳು ಯಾವಾಗಲೂ ಹೀಗೇ. 'ತಲೆ ಬಾಚ್ಕೊಳ್ಳಕ್ಕೂ ಆಗ್ಲಿಲ್ಲ. ಬೇರೆ ಹಾಕ್ಕೋ ಅಂದ್ರೆ ಕೇಳಲ್ಲ. ಅಪ್ಪ ಇದನ್ನೇ ಹಾಕ್ಕೊಂಡು ಬಾ ಅಂದಿದಾರಂತೆ.'

'ನಂಗೇನೂ ಬಿಗಿಯಾಗಿಲ್ಲ' ಎಂದಳು ಚೋಟಿ, ಬೊಂಬೆಯ ಹಾಗೆ ನಿಂತು.

'ಅಳತೆ ಸರಿಯಾಗೇ ಇತ್ತು' ಎಂದ ದರ್ಜಿ.

'ಯಾವ ಅಳತೆ ರೀ?'

ಆ 'ರೀ' ಬಾಯಿ ತಪ್ಪಿ ಬಂದಿತ್ತು. ಅವನು ಮಂಡಿಯೂರಿ ಕೂತು ಟೇಪನ್ನು ಮಗಳ ಎದೆಯ ಸುತ್ತ ತಂದ. ಎರಡೂವರೆ ಇಂಚು ಹೆಚ್ಚು. ತೋಳು ಎರಡಿಂಚು. ಉದ್ದವನ್ನು ಅಳೆಯುವ ಧೈರ್ಯ ಬರಲಿಲ್ಲ. ಎಷ್ಟೊಂದು ಭಾನುವಾರ ಕೈ ಹಿಡಿದು ತಿರುಗಾಡಿಸಿದ್ದ, ಹೆಗಲ ಮೇಲೆ ಕೂರಿಸಿಕೊಂಡು ಭಾರವಾದೆ ಎಂದು ಹಾಸ್ಯ ಮಾಡಿದ್ದ, ಹೊರಡುವಾಗ ತಬ್ಬಿಕೊಂಡಿದ್ದ. ಆದರೂ ಎರಡೂವರೆ ಇಂಚು ಅವನ ಕಣ್ಣು ತಪ್ಪಿಸಿ ಬೆಳೆದುಬಿಟ್ಟಿತ್ತು. ಭಾನುವಾರಗಳೆಲ್ಲ ಮಗಳ ಮುಂದೆ ಒಳ್ಳೆಯ ಅಪ್ಪನಾಗಿ ಮೆರೆಯುವುದರಲ್ಲೇ ಹೋಗಿದ್ದವು. ನೋಡಲು ಪುರುಸೊತ್ತೇ ಸಿಕ್ಕಿರಲಿಲ್ಲ.

'ಒಳಗೆ ಬಟ್ಟೆ ಬಿಟ್ಟಿದೀರಾ?' ಎಂದು ಹೆಂಡತಿ ಕೇಳಿದಳು. ಮಕ್ಕಳ ಬಟ್ಟೆಗೆ ಹೊಲಿಗೆಯ ಒಳಗೆ ಒಂದಿಂಚು ಬಿಟ್ಟಿರುತ್ತಾನೆ, ಬೆಳೆದರೆ ಬಿಚ್ಚಿ ಹಿಗ್ಗಿಸಲು. ಅದು ಅವಳಿಗೆ ಗೊತ್ತಿದ್ದ ಸಂಗತಿ. ಮದುವೆಯಾದ ಮೊದಲೆರಡು ವರ್ಷ ಹೆಮ್ಮಿಂಗು, ಗುಂಡಿ ಎಲ್ಲ ಅವಳದೇ. 'ಬಿಟ್ಟಿದೀನಿ. ಕತ್ತರಿ ಗೇಟಲ್ಲಿ ಕಿತ್ಕೊಂಡ್ರು.' 'ಕತ್ತರಿ ತಂದಿದ್ರಾ ಕೋರ್ಟಿಗೆ?' ಎಂದು ಅವಳ ತುಟಿಯ ಕೊನೆಯಲ್ಲಿ ನಗು ಬಂತು, ಬಂದಷ್ಟೇ ಬೇಗ ಒಳಗೆ ಹೋಯಿತು. ಕುಡಿಯುವ ನೀರಿನ ಟ್ಯಾಂಕಿನ ಹಿಂದೆ ಸ್ವಲ್ಪ ಮರೆಯಿತ್ತು. ಚೋಟಿಯನ್ನು ಅಲ್ಲಿ ನಿಲ್ಲಿಸಿ, ಅವಳ ತೋಳನ್ನು ಮೆಲ್ಲನೆ ಎತ್ತಿ, ಅವನು ಕಂಕುಳ ಬಟ್ಟೆಯನ್ನು ಎರಡು ಕೈಯಲ್ಲಿ ಹಿಗ್ಗಿಸಿ ಹಿಡಿದ. ಹೆಂಡತಿ ಬಗ್ಗಿ ಹಲ್ಲಿನಿಂದ ಮೊದಲ ದಾರ ಕಚ್ಚಿದಳು. ಆಮೇಲೆ ತಲೆಗೂದಲಿನ ಪಿನ್ನು ತೆಗೆದು ಒಂದೊಂದೇ ಹೊಲಿಗೆ ಎತ್ತತೊಡಗಿದಳು. ಅವನ ಕಣ್ಣೆದುರು ಇಷ್ಟು ಹತ್ತಿರದಲ್ಲಿ ಅವಳ ಬೈತಲೆ, ಅದರಲ್ಲಿ ಹೊಸದಾಗಿ ನಾಲ್ಕು ಬಿಳಿ ಕೂದಲು. ಮಾತಾಡದೆ ಹನ್ನೊಂದು ದಿನ ಅವಳನ್ನು ಸತಾಯಿಸಿದ್ದ ಒಮ್ಮೆ, ಯಾವ ಕಾರಣಕ್ಕೆಂದು ಈಗ ನೆನಪಿಲ್ಲ. ಅವಳು ಕೂಗಾಡುವವಳು, ಇವನು ಬಾಯಿಗೆ ಬೀಗ ಹಾಕುವವನು. ಕೂಗಿದರೆ ಬೀಗ, ಬೀಗಕ್ಕೆ ಮತ್ತಷ್ಟು ಕೂಗು. ಹನ್ನೆರಡನೇ ದಿನ ಅವನೇ ಮಾತಾಡಬೇಕೆಂದುಕೊಂಡಿದ್ದ. ಅಷ್ಟರಲ್ಲಿ ಅವಳು ಚೋಟಿಯ ಶಾಲೆಯ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. 'ಕಚಗುಳಿ, ಕಚಗುಳಿ' ಎಂದು ಈಗ ಮಗಳು ನೆಟ್ಟಗೆ ನಿಂತುಕೊಂಡೇ ನಗುತ್ತಿದ್ದಳು. 'ಅಲ್ಲಾಡ್ಬೇಡ್ವೇ' ಎಂದು ಇಬ್ಬರೂ ಗದರಿದರು. ಸೂಜಿ ಮಾತ್ರ ಕಾವಲಿನವನಿಗೆ ಸಿಕ್ಕಿರಲಿಲ್ಲ. ದಾರ ಪೋಣಿಸಿದ್ದೊಂದು ಅವನ ಕಾಲರಿನ ಒಳಗೆ ಸದಾ ಚುಚ್ಚಿಕೊಂಡಿರುತ್ತದೆ. ಮೈಮೇಲಿದ್ದ ಹಾಗೆಯೇ ಹೊಸ ಗೆರೆಯಲ್ಲಿ ಕಚ್ಚಾ ಹೊಲಿಗೆ ಹಾಕಿದ. ಬಲಗಡೆ ಮುಗಿದು ಎಡಗಡೆ ಅರ್ಧವಾಗಿತ್ತು, ಜವಾನ ಬಂದು ಕೇಸಿನ ನಂಬರು ಕೂಗಿದ. ದಾರ ನೇತಾಡುತ್ತಿದ್ದ ಹಾಗೆಯೇ ಚೋಟಿ ಒಳಗೆ ಹೋದಳು. ಬಾಗಿಲ ಹತ್ತಿರ ತಿರುಗಿ, ಬಲಗೈಯನ್ನು ತಲೆಯ ಮೇಲಿನ ತನಕ ಎತ್ತಿ ತೋರಿಸಿದಳು.

ಬೆಂಚಿನ ಮೇಲೆ ಇಬ್ಬರೂ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಇವನ ವಕೀಲರು ಇನ್ನೊಂದು ಕೋರ್ಟಿನಲ್ಲಿ, ಅವಳ ವಕೀಲೆ ಕೆಳಗೆ ಕಾಫಿಗೆ. ಎದುರಿನ ಗೋಡೆಗೆ ಮಕ್ಕಳ ಚಿತ್ರವಿದ್ದ ಪೋಸ್ಟರು, ಅದರಲ್ಲಿ ಅಪ್ಪ ಅಮ್ಮ ಮಗು ಮೂರೂ ಜನ ಹಲ್ಲು ಬಿಟ್ಟುಕೊಂಡಿದ್ದರು. ಪಕ್ಕದ ಬೆಂಚಿನಲ್ಲಿ ಮುದುಕರೊಬ್ಬರು ಮೊಮ್ಮಗನ ಫೈಲು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಒಳಗೆ ಈಗ ಆ ಪ್ರಶ್ನೆ ಬಂದಿರಬಹುದು ಎಂದುಕೊಂಡ. ಕೈ ಹಿಂದೆ ಕಟ್ಟಿ ಹೇಳುತ್ತಾಳೆ. ಕಟ್ಟಿದರೆ ಎಡಗಡೆಯ ಹೊಲಿಗೆ ನಿಲ್ಲುತ್ತದೋ ಇಲ್ಲವೋ. ಎರಡು ಮಾತನ್ನೂ ಒಟ್ಟಿಗೇ ಯೋಚಿಸುತ್ತಿದ್ದೇನಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಚೋಟಿ ತಾನು ಹೇಳಿಕೊಟ್ಟದ್ದನ್ನು ಹೇಳಿದರೆ ಪಕ್ಕದಲ್ಲಿ ಕೂತವಳ ಮನೆ ಇವತ್ತು ಸಂಜೆಯೇ ಬರಿದಾಗುತ್ತದೆ. ಹೇಳದಿದ್ದರೆ ತನ್ನದು ಹೀಗೇ ಬರಿದಾಗಿ ಉಳಿಯುತ್ತದೆ. ಗೆಲ್ಲಬೇಕೆಂದು ಬಂದವನಿಗೆ ಗೆಲುವಿನ ಮುಖ ಹೇಗಿರುತ್ತದೆಂದು ಮೊದಲ ಸಲ ಕಂಡಿತು.

'ಏನಾದ್ರೂ ಹೇಳ್ಕೊಟ್ಟಿದೀರಾ ಅವಳಿಗೆ?' ಅವಳು ನೆಲ ನೋಡುತ್ತಾ ಕೇಳಿದಳು.

'ಇಲ್ಲಪ್ಪ. ನೀನು?'

'ನಾನ್ಯಾಕೆ ಹೇಳ್ಕೊಡ್ಲಿ?'

ಇಬ್ಬರೂ ಪೋಸ್ಟರನ್ನು ನೋಡಿದರು.

ಮುಕ್ಕಾಲು ಗಂಟೆಯಾದ ಮೇಲೆ ಜವಾನ ಇಬ್ಬರನ್ನೂ ಕರೆದ. ಕೋಣೆ ಅವನೆಣಿಸಿದ್ದಕ್ಕಿಂತ ಚಿಕ್ಕದು. ಮೇಜಿನ ತುಂಬ ಫೈಲು, ಒಂದು ಫ್ಲಾಸ್ಕು, ಮೂಗು ಒರೆಸಿದ ಕಾಗದದ ಉಂಡೆಗಳು. ನ್ಯಾಯಾಧೀಶೆಗೆ ನೆಗಡಿ. ಐವತ್ತು ದಾಟಿದ, ಕನ್ನಡಕವನ್ನು ನೆತ್ತಿಗೇರಿಸಿಕೊಂಡ ಹೆಂಗಸು. ಗುಂಡುಸೂಜಿಯ ಕೌನ್ಸೆಲರ್ ಮೇಡಂ ಚೋಟಿಯನ್ನು ಪಕ್ಕದ ಆಟದ ಕೋಣೆಗೆ ಕರೆದುಕೊಂಡು ಹೊರಟಿದ್ದಳು. ಹೋಗುತ್ತಾ ಚೋಟಿ ಇಬ್ಬರ ಮುಖವನ್ನೂ ನೋಡಿದಳು, ಪರೀಕ್ಷೆ ಚೆನ್ನಾಗಿ ಬರೆದು ಬಂದ ಮಕ್ಕಳ ಹಾಗೆ.

'ಕೂತ್ಕೊಳ್ಳಿ' ಎಂದರು ನ್ಯಾಯಾಧೀಶೆ. 'ನಿಮ್ಮ ಮಗಳ ಹೆಸರೂ ನಾನಿನ್ನೂ ಕೇಳಿರ್ಲಿಲ್ಲ. ನೀರು ಬೇಕಾ ಪುಟ್ಟಾ ಅಂದೆ, ಅಷ್ಟೇ. ಎದ್ದು ನಿಂತು, ಕೈ ಹಿಂದೆ ಕಟ್ಕೊಂಡು, ನಂಗೆ ಅಪ್ಪನ ಜೊತೆ ಇರಕ್ಕೆ ಇಷ್ಟ, ಅಪ್ಪ ಇಡೀ ದಿನ ಮನೇಲೇ ಇರ್ತಾರೆ, ಮನೇಲಿ ಗಾಳಿ ಬೆಳಕು ಚೆನ್ನಾಗಿದೆ ಅಂತ ಒಂದೇ ಉಸಿರಿಗೆ ಹೇಳಿದ್ಲು.'

ದರ್ಜಿಗೆ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಹೆಂಡತಿ ಇವನ ಕಡೆ ತಿರುಗಿದಳು.

'ತಡೀರಿ, ಮುಗಿದಿಲ್ಲ' ಎಂದು ಅವರು ಮೂಗು ಒರೆಸಿಕೊಂಡರು. 'ಒಂದು ಸಲ ಉಸಿರು ತಗೊಂಡು, ಈಗ ಅಮ್ಮಂದು ಅಂದ್ಲು. ನಂಗೆ ಅಮ್ಮನ ಜೊತೆ ಇರಕ್ಕೆ ಇಷ್ಟ, ಶಾಲೆ ಹತ್ರ, ಅಮ್ಮಂಗೆ ಔಷಧಿ ಎಲ್ಲಾ ಗೊತ್ತು. ಅದೂ ಒಂದಕ್ಷರ ತಪ್ಪಿಲ್ಲ. ಆಮೇಲೆ ನನ್ನ ಕೇಳ್ತಾಳೆ, ಎರಡೂ ಪೂರ್ತಿ ಬಂತಾ ಮೇಡಂ ಅಂತ. ಹದಿನಾರು ವರ್ಷದಲ್ಲಿ ಒಂದು ಕಡೇದು ಬಾಯಿಪಾಠ ಮಾಡ್ಕೊಂಡು ಬಂದ ಮಕ್ಕಳನ್ನ ಬೇಕಾದಷ್ಟು ನೋಡಿದೀನಿ. ಎರಡೂ ಕಡೇದು ಒಪ್ಪಿಸಿದೋಳು ಇವಳೊಬ್ಳೇ.'

ಮೊದಲು ನಕ್ಕವಳು ಹೆಂಡತಿ. ಅದು ನಗುವಾಗಿಯೇ ಶುರುವಾಗಿ ನಡುವೆ ದಾರಿ ತಪ್ಪಿತು. ಸೆರಗಿನಲ್ಲಿ ಮುಖ ಒತ್ತಿಕೊಂಡಳು. ದರ್ಜಿ ಚೋಟಿ ಹೋದ ಬಾಗಿಲ ಕಡೆ ನೋಡಿದ. ಯಾರದನ್ನು ಬಿಟ್ಟರೂ ಬೇಜಾರಾದೀತೆಂದು ಎರಡೂ ಪಾಠವನ್ನು ಹೊತ್ತುಕೊಂಡು ಮೂರು ಮಹಡಿ ಹತ್ತಿದ್ದಾಳೆ, ಬಿಗಿಯಾದ ಫ್ರಾಕನ್ನು ಬಿಗಿಯಲ್ಲ ಎಂದವಳು.

'ಯಾರ ಜೊತೆ ಇರ್ತೀಯ ಅಂತ ನಾನು ಮಕ್ಕಳನ್ನ ಕೇಳೋದೇ ಇಲ್ಲ' ಎಂದರು ನ್ಯಾಯಾಧೀಶೆ. ಈಗ ಅವರ ದನಿ ತಗ್ಗಿತ್ತು. 'ಅದು ಅವರ ತಲೆ ಮೇಲೆ ಹೊರಿಸೋ ಮಾತಲ್ಲ. ಅಪ್ಪಂಗೆಷ್ಟು ಹಕ್ಕು, ಅಮ್ಮಂಗೆಷ್ಟು ಅಂತಾನೂ ನಾನು ತೂಗಲ್ಲ. ಬೆಳಿಗ್ಗೆ ಎದ್ದು ಮಲಗೋವರೆಗೂ ಈ ಮಗು ದಿನ ಹೆಂಗೆ ಕಳೀತಿದೆ, ಎಲ್ಲಿ ಚೆನ್ನಾಗಿ ಕಳೀಬಹುದು, ಅದನ್ನ ನೋಡ್ತೀನಿ. ಅದಕ್ಕೆ ದಿನದ ಬಗ್ಗೆ ಕೇಳ್ದೆ. ಎಲ್ಲಾ ಹೇಳಿದ್ಲು, ಸ್ನೇಹಿತರು, ಗಣಿತ, ಪಕ್ಕದ್ಮನೆ ಅಜ್ಜಿ ಗೊರಕೆ. ಹೊಟ್ಟೆ ನೋವು ಬಂದ್ರೆ ಯಾರಿಗೆ ಹೇಳ್ತೀಯ ಅಂದೆ. ಯಾರಿಗೂ ಹೇಳಲ್ಲ ಅಂದ್ಲು. ಯಾಕೆ ಪುಟ್ಟಾ ಅಂದ್ರೆ, ಹೇಳಿದ್ರೆ ಇಬ್ರೂ ಬರ್ಕೋತಾರೆ ಅಂದ್ಲು.'

ಇಬ್ಬರೂ! ದರ್ಜಿ ಹೆಂಡತಿಯ ಮುಖ ನೋಡಿದ. ಅವಳ ಕೈ ಮಡಿಲಲ್ಲಿದ್ದ ಚೀಲದ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಿತ್ತು. ಅವಳದೂ ಒಂದು ಪುಸ್ತಕ ಅದರೊಳಗಿರಬೇಕು. ಚೋಟಿ ಇವನ ಮನೆಯಿಂದ ಹೋದ ಸಂಜೆಗಳಲ್ಲಿ ಅದರಲ್ಲೂ ಏನೇನೋ ತಾರೀಖು ಬಿದ್ದಿರಬೇಕು, ಶೀತ, ನೆಗಡಿ, ಕಣ್ಣು ಕೆಂಪು. ಲೆಕ್ಕ ಹಾಕಿ ನೋಡಿದ. ಚೋಟಿ ಅವನ ಹತ್ತಿರ ಹೊಟ್ಟೆ ನೋವೆಂದದ್ದು ಒಂದೇ ಸಲ, ತಿಂಗಳುಗಳ ಹಿಂದೆ. ಅದಾದ ಮೇಲೆ ಅವಳಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಬಿದ್ದ ಗಾಯವಿಲ್ಲ. ಹುಡುಗಿ ಗಟ್ಟಿಯಾಗುತ್ತಿದ್ದಾಳೆ ಎಂದು ಅವನು ಖುಷಿಪಟ್ಟಿದ್ದ. ಗಟ್ಟಿಯಾಗಿದ್ದಳು, ಹೌದು. ಎಂಟು ವರ್ಷದ ಮಗು ನೋವು ನುಂಗಿಕೊಂಡು ಅಪ್ಪನನ್ನೂ ಅಮ್ಮನನ್ನೂ ಪರಸ್ಪರರಿಂದ ಕಾಪಾಡುತ್ತಾ ಕೂತಿತ್ತು. ಅವಳ ಮೇಲೆ ಅವನಿಗಿದ್ದ ಪ್ರೀತಿ ಆ ಹೊತ್ತಿಗೆ ಎದೆಯೊಳಗೆ ಒಂದು ಕಡೆ ನಿಲ್ಲದೆ, ಎಲ್ಲಿ ಮುಟ್ಟಿದರೂ ನೋಯುವ ಹಾಗಾಯಿತು.

'ಇಬ್ಬರ ಮನೆ ವರದಿನೂ ಕೆಟ್ಟದಾಗಿಲ್ಲ. ನಾನೇ ಬರೀಬಹುದು. ಅದಕ್ಕೆ ಮುಂಚೆ ನೀವು ಹೇಳೋದಿದ್ರೆ ಹೇಳಿ' ಎಂದರು ಅವರು. 'ಅರ್ಜಿ ನಿಮ್ದಲ್ವಾ?'

ದರ್ಜಿ ಬಾಯಿ ತೆರೆದ. ಹೇಳಬೇಕಾದದ್ದು ಎರಡು ಗಂಟೆಯ ವಿಷಯ, ಆರರಿಂದ ಎಂಟು, ವಕೀಲರು ಗೆರೆ ಎಳೆದು ಕೊಟ್ಟದ್ದು. ಅದರ ಬದಲು ಕಣ್ಣ ಮುಂದೆ ಬಂದದ್ದು ಅಂಗಡಿಯ ಹಿಂದಿನ ಕೋಣೆ. ಮೆಷಿನ್ನು ನಿಲ್ಲಿಸಿದ ಕೂಡಲೇ ಅಲ್ಲಿ ಬೀಳುವ ಮೌನ. ಅದನ್ನು ತುಂಬುವುದಕ್ಕೆ ಮಗಳು ಬೇಕೆಂದು ಅರ್ಜಿ ಬರೆಸಿದ್ದ. ಅಲ್ಲಿ ಅವಳು ಶಾಲೆಯಿಂದ ಬಂದು ಮೇಜಿನ ಕೆಳಗೆ ಬಟ್ಟೆ ಚೂರುಗಳ ನಡುವೆ ಕೂತು ಹಾಡಿಕೊಳ್ಳುವುದನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದನೆಂದರೆ, ಅದು ನಡೆದೇ ಇರುವ ಹಾಗೆ ನೆನಪಾಗುತ್ತಿತ್ತು. ಆದರೆ ಆ ಕಲ್ಪನೆಯ ಚೋಟಿ ಹಳೆಯ ಅಳತೆಯವಳು. ಈಗಿನವಳು ಮೇಜಿನ ಕೆಳಗೆ ಹಿಡಿಸುವುದೂ ಇಲ್ಲ. ಈಗಿನವಳಿಗೆ ಶಾಲೆ ಹತ್ತಿರವಿದೆ, ಗೆಳತಿಯರಿದ್ದಾರೆ, ಕಿಟಕಿಯಿರುವ ಕೋಣೆಯಿದೆ. ಇದೆಲ್ಲ ವರದಿಯಲ್ಲಿ ಓದಿಯೂ ಓದದ ಹಾಗೆ ಇದ್ದ. ಬಿಟ್ಟುಕೊಡುವುದು ಸುಲಭವಾಗಲಿಲ್ಲ, ಒಳಗಿನಿಂದ ಏನನ್ನೋ ಹರಿದು ತೆಗೆದ ಹಾಗೇ ಆಯಿತು.

'ಅವಳ ಹತ್ರಾನೇ ಇರ್ಲಿ, ಮೇಡಂ' ಎಂದ. 'ಆ ಗಾಳಿ ಬೆಳಕು... ಅದು ಸುಳ್ಳು. ರೂಮಿಗೆ ಕಿಟಕಿ ಇಲ್ಲ.'

ಆಮೇಲೆ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, ಜಗಳಕ್ಕೆ ಬಂದವಳ ದನಿಯಲ್ಲೇ ಹೇಳಿದಳು: 'ಬೆಳಿಗ್ಗೆ ಆರಕ್ಕೆ ನಂಗೆ ಡ್ಯೂಟಿ. ಆ ಅಜ್ಜಿ ಗೊರಕೆ ಹೊಡ್ಕೊಂಡು ಮಲಗಿರ್ತಾರೆ, ಇವಳು ಒಬ್ಳೇ ಕೂತಿರ್ತಾಳೆ, ನಂಗೇನು ಗೊತ್ತಿಲ್ವಾ? ಹೇಳಿದ್ರೆ ಕೇಸಿಗೆ ತೊಂದ್ರೆ ಅಂತ ಸುಮ್ನಿದ್ದೆ. ಲ್ಯಾಬಿಗೆ ಹೋಗೋ ದಾರೀಲೇ ಇವರ ಅಂಗಡಿ. ದಿನಾ ಬ್ಯಾಗ್ ಸಮೇತ ಅಲ್ಲಿ ಬಿಟ್ಟು ಹೋಗ್ತೀನಿ. ತಿಂಡಿ ತಿನ್ಸಿ, ಜಡೆ ಹಾಕಿ, ಶಾಲೆಗೆ ಬಿಡ್ಲಿ.' ಇವನ ಕಡೆ ತಿರುಗಿದಳು. 'ಆಗುತ್ತಾ? ಜಡೆ ಹಾಕಕ್ಕೆ ಬರುತ್ತಾ?'

'ಕಲೀತೀನಿ' ಎಂದ ದರ್ಜಿ.

ನ್ಯಾಯಾಧೀಶೆ ಕನ್ನಡಕವನ್ನು ನೆತ್ತಿಯಿಂದ ಇಳಿಸಿ ಬರೆಯತೊಡಗಿದರು. ವಾಸ ತಾಯಿಯ ಹತ್ತಿರ. ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಶಾಲೆಯ ತನಕ ತಂದೆಯ ಹತ್ತಿರ. ಎಲ್ಲ ಭಾನುವಾರ ತಂದೆಗೆ. ರಜೆ ಅರ್ಧರ್ಧ. ಆರು ತಿಂಗಳು ಹೀಗೆ ನಡೆಯಲಿ, ಆಮೇಲೆ ಮಗುವನ್ನು ಮತ್ತೊಮ್ಮೆ ಮಾತಾಡಿಸಿ ನೋಡೋಣ. 'ಆ ಸಲ ಯಾವ ಪಾಠನೂ ಬೇಡ' ಎಂದು ತಲೆಯೆತ್ತದೆ ಸೇರಿಸಿದರು. ಕೇಳಿದ್ದಕ್ಕಿಂತ ಎಷ್ಟೋ ಕಡಿಮೆ, ಇದ್ದದ್ದಕ್ಕಿಂತ ಎಷ್ಟೋ ಹೆಚ್ಚು. ಹೊರಗೆ ಸಿಕ್ಕ ವಕೀಲರು ವಿಷಯ ಕೇಳಿ ಹಣೆ ಚಚ್ಚಿಕೊಂಡರು. 'ಎರಡು ಗಂಟೆ ನಮ್ಮ ಕೇಸು ಅಂದ್ರೆ, ಎರಡೇ ಗಂಟೆ ಇಸ್ಕೊಂಡು ಬಂದ್ರಲ್ರೀ!' ದರ್ಜಿಗೆ ಅದು ಬೈಗುಳವಾಗಿ ಕೇಳಿಸಲಿಲ್ಲ.

ಚೋಟಿ ಆಟದ ಕೋಣೆಯಿಂದ ಓಡಿ ಬಂದಳು. ಇಬ್ಬರ ನಡುವೆ ನಿಂತು, ಯಾರನ್ನು ಮೊದಲು ನೋಡಬೇಕೆಂದು ತಿಳಿಯದೆ ನೆಲ ನೋಡಿದಳು. ತಾಯಿ ಬಗ್ಗಿ, ನೀನು ನಮ್ಮನೆಯಲ್ಲೇ ಇರುತ್ತೀ, ದಿನಾ ಬೆಳಿಗ್ಗೆ ಅಪ್ಪನ ಹತ್ತಿರ ಹೋಗುತ್ತೀ ಎಂದು ಹೇಳಿದಳು. ಹುಡುಗಿ ತಲೆಯಾಡಿಸಿದಳು. ಅವಳ ಮನಸ್ಸು ಬೇರೆ ಎಲ್ಲೋ ಇತ್ತು.

'ಅಪ್ಪಾ, ನಾನು ಸರಿಯಾಗಿ ಹೇಳಿದ್ನಾ?'

'ಸರಿಯಾಗಿ ಹೇಳ್ದೆ ಕಂದ.'

'ಹಾಗಾದ್ರೆ ಇನ್ನು ಅದನ್ನ ಮರೀಬಹುದಾ?'

'ಮರ್ತುಬಿಡು' ಎಂದ.

'ಅಮ್ಮಂದೂ?'

'ಅದನ್ನೂ' ಎಂದಳು ತಾಯಿ.

ಹೇಳಿದ್ದು ನಿಜವೋ ಎಂದು ಚೋಟಿ ಇಬ್ಬರ ಕೈಗಳನ್ನೂ ನೋಡಿದಳು. ನಾಲ್ಕು ಕೈಯಲ್ಲೂ ಪುಸ್ತಕವಿರಲಿಲ್ಲ, ಪೆನ್ಸಿಲಿರಲಿಲ್ಲ. ಆಮೇಲೆ ಮೆಲ್ಲಗೆ, ಯಾರಿಗೆಂದು ಇಲ್ಲದೆ ಹೇಳಿದಳು:

'ನಂಗೆ ಬೆಳಿಗ್ಗೆಯಿಂದ ಹೊಟ್ಟೆ ನೋವ್ತಿದೆ.'

'ಎಲ್ಲಿ?' ಎಂದು ಇಬ್ಬರೂ ಒಟ್ಟಿಗೇ ಕೇಳಿ, ಒಟ್ಟಿಗೇ ನೆಲಕ್ಕೆ ಕೂತರು.